ಪದ್ಮಿನಿ ಇಟ್ಟುಕೊಳ್ಳಲಾ, ಮಾರುತಿ 800 ಇಟ್ಟುಕೊಳ್ಳಲಾ? ಒಂದಕ್ಕೆ ಮಾತ್ರ ಜಾಗ ಇದೆ

ತಿಪಟೂರು ತೆಂಗು:

ಎಲ್ಲರಿಗೂ ನಮಸ್ಕಾರ. ಗಾಡಿ ಎರಡು, ಶೀಟು ಹಾಕಿದ ಜಾಗ ಒಂದೇ. ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳೋಕೆ ಬಂದಿದ್ದೇನೆ.

ಒಂದು, ನಮ್ಮ ತಾತನ ಪ್ರೀಮಿಯರ್ ಪದ್ಮಿನಿ. 1978ರ ಮಾಡೆಲ್. ಕೆನೆ ಬಣ್ಣ, ಹ್ಯಾಂಡ್ ಗೇರ್ (ಸ್ಟೀರಿಂಗ್ ಪಕ್ಕದಲ್ಲೇ ಇರುವ ಗೇರ್ ಕಡ್ಡಿ), ಮುಂದೆ ಮೂರು ಜನ ಕೂರಬಹುದಾದ ಬೆಂಚ್ ಸೀಟು. ತಾತ ಹೋದ ಮೇಲೆ ಊರಿನ ಕೊಬ್ಬರಿ ಗೋದಾಮಿನ ಮೂಲೆಯಲ್ಲಿ ನಿಂತಿದೆ. ಆ ಗೋದಾಮನ್ನು ಈಗ ಕೆಡವುತ್ತಿದ್ದಾರೆ, ಹಾಗಾಗಿ ಗಾಡಿ ಅಲ್ಲಿಂದ ಏಳಲೇಬೇಕು.

ಇನ್ನೊಂದು, ಚಿಕ್ಕಪ್ಪನ ಮಾರುತಿ 800. 1991ರದ್ದು, ಬಿಳಿ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಪದ್ಧತಿಯ ಭಾಗ) ಮಾಡೆಲ್. ರಾಜಾಜಿನಗರದಲ್ಲಿ ಈಗಲೂ ಓಡುತ್ತಿದೆ. ಚಿಕ್ಕಪ್ಪನಿಗೆ ಇನ್ನು ಓಡಿಸೋಕೆ ಆಗಲ್ಲ. "ನೀನು ತಗೊಂಡು ಹೋದ್ರೆ ಸರಿ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂತಿದ್ದಾರೆ.

ದಿನಾ ಆಫೀಸಿಗೆ ಬೇರೆ ಕಾರಿದೆ. ಇದು ಭಾನುವಾರಕ್ಕೆ, ಆಗಾಗ ತುಮಕೂರು ರಸ್ತೆ ಹಿಡಿದು ಊರಿಗೆ ಹೋಗಿ ಬರೋಕೆ. ಮನೆಯಲ್ಲಿ ಎಲ್ಲರ ವೋಟೂ ಪದ್ಮಿನಿಗೇ. 800 ಅಂದರೆ "ಅದೇನು ಇಟ್ಕೊಳ್ಳೋ ಗಾಡಿನಾ" ಅಂತಾರೆ. ನನಗೆ ಯಾಕೋ ಅಷ್ಟು ಸಲೀಸಾಗಿ ತೀರ್ಮಾನ ಮಾಡೋಕೆ ಆಗುತ್ತಿಲ್ಲ. ಗ್ಯಾರೇಜ್ ಕೆಲಸದಲ್ಲಿ ನನಗೆ ಬರುವುದು ಪ್ಲಗ್ ಬಿಚ್ಚಿ ಒರೆಸುವುದು, ಆಯಿಲ್ ಬದಲಿಸುವುದು, ಅಷ್ಟೇ.

ಎರಡನ್ನೂ ಇಟ್ಟುಕೊಳ್ಳಿ ಅಂತ ಮಾತ್ರ ಬರೆಯಬೇಡಿ. ನಮ್ಮ ಮನೆಯವರೂ ಇದನ್ನು ಓದುತ್ತಾರೆ.

ಜೆಸಿ ರಸ್ತೆ:

ಸರ್, ಯಾವುದು ಚೆಂದ ಅನ್ನುವುದು ಆಮೇಲೆ. ಮೊದಲು ಎರಡರ ಅಡಿಗೂ ಮಲಗಿ ನೋಡಿ. ಹಳೇ ಕಾರಿನಲ್ಲಿ ಎಂಜಿನ್‌ಗೆ ಹೆದರಬೇಕಿಲ್ಲ, ಬಿಚ್ಚಿ ಕಟ್ಟಬಹುದು. ಹೆದರಬೇಕಾದ್ದು ತುಕ್ಕಿಗೆ.

ಒಂದು ಸಣ್ಣ ಅಯಸ್ಕಾಂತ ತಗೊಳ್ಳಿ. ಪೇಂಟ್ ಗೀಚದ ಹಾಗೆ ತೆಳು ಬಟ್ಟೆ ಸುತ್ತಿ, ಬಾಡಿ ಮೇಲೆ ನಿಧಾನಕ್ಕೆ ಎಳೆಯುತ್ತಾ ಹೋಗಿ. ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ. ತಗಡು ಇರುವ ಕಡೆ ಗಟ್ಟಿಯಾಗಿ ಹಿಡಿಯುತ್ತೆ. ಎಲ್ಲಿ ಹಿಡಿತ ಬಿಟ್ಟು ಜಾರುತ್ತೋ ಅಲ್ಲಿ ಇರುವುದು ಪುಟ್ಟಿ. ಮೇಲೆ ಹೊಳೆಯುವ ಪೇಂಟ್ ನೋಡಿ ಮೋಸ ಹೋಗಬೇಡಿ.

ಪದ್ಮಿನಿಯಲ್ಲಿ ಮ್ಯಾಟ್ ಎತ್ತಿ ಫ್ಲೋರ್ ನೋಡಿ, ಹಿಂದಿನ ಕಟ್ಟೆ, ಅಂದರೆ ಪಟ್ಟಿ ಪಟ್ಟಿಯಾಗಿರುವ ಸ್ಪ್ರಿಂಗ್, ಬಾಡಿಯಲ್ಲಿ ಕೂರುವ ಜಾಗ ನೋಡಿ. 800ರಲ್ಲಿ ಬಾನೆಟ್ ತೆಗೆದು ಮುಂದಿನ ಸಸ್ಪೆನ್ಷನ್‌ನ ಮೇಲ್ತುದಿ ಕೂತಿರುವ ತಗಡು, ಬ್ಯಾಟರಿ ಕೆಳಗಿನ ತಗಡು ನೋಡಿ. ಈ ನಾಲ್ಕು ಜಾಗ ಗಟ್ಟಿ ಇದ್ದರೆ ಮಿಕ್ಕಿದ್ದೆಲ್ಲಾ ಸಣ್ಣ ಮಾತು.

ಅಂಬಾಸಿಡರ್ ಅಭಿಮಾನಿ:

ಇಬ್ಬರು ಕುಳ್ಳರನ್ನು ನಿಲ್ಲಿಸಿ ಯಾರು ಎತ್ತರ ಅಂತ ಕೇಳುತ್ತಿದ್ದೀರಲ್ಲ ಸ್ವಾಮಿ! ಅಂಬಾಸಿಡರ್ ಎಲ್ಲಿ?

ತಿಪಟೂರು ತೆಂಗು:

ಅಣ್ಣಾ, ಅಂಬಾಸಿಡರ್ ನಮ್ಮ ಮನೆಯಲ್ಲಿ ಇಲ್ಲ. ಇದ್ದಿದ್ದರೆ ನನ್ನ ಜಾಗದಲ್ಲಿ ಅದು ಹಿಡಿಯುತ್ತಲೂ ಇರಲಿಲ್ಲ.

ಎಫ್8ಬಿ:

ಮನೆಯವರು 800 ಬಗ್ಗೆ ಹೇಳಿದ ಮಾತಿಗೆ ನನ್ನ ತಕರಾರಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಪದ್ಮಿನಿ ಅಂದರೆ ಮೂಲದಲ್ಲಿ ಇಟಲಿಯ ಫಿಯಟ್ 1100. ಆ ಸಾಲಿನ ಗಾಡಿ ಅಲ್ಲಿ ಬಂದದ್ದು 1953ರಲ್ಲಿ. ನಮ್ಮಲ್ಲಿ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಅದನ್ನು ಜೋಡಿಸೋಕೆ ಶುರು ಮಾಡಿತು. ಡುಕ್ಕರ್, ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಲ್ಲ ಆ ಮನೆತನದವೇ. 1964ರಲ್ಲಿ 1100 ಡಿಲೈಟ್ ಬಂತು. ನಿಮ್ಮ ತಾತನ ಗಾಡಿಯ ಬಾಡಿ ಅದೇ. 70ರ ದಶಕದ ಶುರುವಿನಲ್ಲಿ ಫಿಯಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಆದರೂ ನಮ್ಮೂರಲ್ಲಿ ಯಾರೂ ಪದ್ಮಿನಿ ಅನ್ನಲಿಲ್ಲ, ಕೊನೆಯವರೆಗೂ ಅದು ಫಿಯಟ್ಟೇ.

ಇಲ್ಲಿ ಒಂದು ವಿಷಯ ಗಮನಿಸಿ. ಇಟಲಿಯಲ್ಲಿ ಫಿಯಟ್ 1969ರಲ್ಲೇ 128 ಅನ್ನುವ ಕಾರು ತಂದು, ಮುಂದಿನ ಚಕ್ರ ಎಳೆಯುವ ಪದ್ಧತಿಗೆ ಹೋಗಿತ್ತು. ನಾವು ಅದಾಗಿ ಐದು ವರ್ಷಕ್ಕೆ ಹಳೇ 1100ಗೆ ಹೊಸ ಹೆಸರಿಟ್ಟೆವು. ಅದನ್ನು 2000ದ ಆಸುಪಾಸಿನವರೆಗೂ ಮಾಡುತ್ತಾ ಹೋದೆವು. ಬೇರೆ ಗತಿ ಇರಲಿಲ್ಲ. ಲೈಸೆನ್ಸ್ ಕಾಲ. ಇಷ್ಟೇ ಗಾಡಿ ಮಾಡಬೇಕು ಅಂತ ಸರ್ಕಾರವೇ ಮಿತಿ ಹಾಕುತ್ತಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು.

ಇನ್ನು 800. ಮಾರುತಿ ಉದ್ಯೋಗ ಶುರುವಾದದ್ದು 1981ರಲ್ಲಿ, ಸುಜುಕಿ ಜೊತೆ ಒಪ್ಪಂದ 1982ರ ಅಕ್ಟೋಬರ್‌ನಲ್ಲಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ಟರು. ಬೆಲೆ 47,500 ರೂಪಾಯಿ. ಕಾರು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಲಕ್ಷಕ್ಕೂ ಹೆಚ್ಚು ಜನ ಹತ್ತು ಸಾವಿರ ಮುಂಗಡ ಕಟ್ಟಿ ಸಾಲು ನಿಂತಿದ್ದರು. ಆ ಮೊದಲ ಮಾಡೆಲ್ ಎಸ್‌ಎಸ್80. ನಿಮ್ಮ ಚಿಕ್ಕಪ್ಪನದು ಅದಲ್ಲ, 1986ರಲ್ಲಿ ಬಂದ ಎರಡನೇ ಬಾಡಿ. ಜಪಾನಿನಲ್ಲಿ 1984ರಲ್ಲಿ ಬಂದ ಆಲ್ಟೊ ಅದು. ಎರಡೇ ವರ್ಷಕ್ಕೆ ಇಲ್ಲಿಗೂ ಬಂತು! ಮಾರುತಿ ಬರುವವರೆಗೆ ನಮಗೆ ಸಿಗುತ್ತಿದ್ದದ್ದೆಲ್ಲಾ ಇಪ್ಪತ್ತು ವರ್ಷ ಹಳೇ ಡಿಸೈನು.

ಈಗ ಅಸಲು ಲೆಕ್ಕ. ಪದ್ಮಿನಿಯ ಎಂಜಿನ್ 1089 ಸಿಸಿ, ನಾಲ್ಕು ಸಿಲಿಂಡರ್. 800ರದ್ದು 796 ಸಿಸಿ, ಮೂರು ಸಿಲಿಂಡರ್. ಶಕ್ತಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 40 ಕುದುರೆಯ ಆಸುಪಾಸು. ಆದರೆ ಪದ್ಮಿನಿ ಸುಮಾರು 900 ಕೆ.ಜಿ. ತೂಗುತ್ತೆ, 800 ಅದಕ್ಕಿಂತ ಇನ್ನೂರೈವತ್ತು ಕೆ.ಜಿ. ಹಗುರ. ಅಂದರೆ ಅಷ್ಟೇ ಶಕ್ತಿ, ಮೂರು ದೊಡ್ಡ ಅಕ್ಕಿ ಮೂಟೆಯಷ್ಟು ಭಾರ ಕಮ್ಮಿ. ಪಿಕಪ್, ಮೈಲೇಜ್, ಬ್ರೇಕ್, ಟೈರ್ ಸವೆತ, ಎಲ್ಲದರ ವ್ಯತ್ಯಾಸ ಅಲ್ಲಿಂದಲೇ ಶುರು.

ಈಗ ನನ್ನ ತಕರಾರು. ಪದ್ಮಿನಿಯನ್ನು ಎಲ್ಲರೂ ಪ್ರೀತಿಯಿಂದ ಇಟ್ಟುಕೊಂಡರು. 800ನ್ನು ಎಲ್ಲರೂ ಬಳಸಿ ಬಿಸಾಕಿದರು. ಡ್ರೈವಿಂಗ್ ಸ್ಕೂಲಿಗೆ ಹೋಯಿತು, ಆಲ್ಟರ್ ಮಾಡಿಸಿಕೊಂಡಿತು, ಗುಜರಿಗೆ ಹೋಯಿತು. 25 ಲಕ್ಷಕ್ಕೂ ಮೇಲೆ ತಯಾರಾದ ಗಾಡಿ ಅದು. ಇವತ್ತು ಬೆಂಗಳೂರಲ್ಲಿ ಕಾರ್ಬುರೇಟರ್ ಇರುವ, ಒರಿಜಿನಲ್ ಸೀಟು, ಒರಿಜಿನಲ್ ಗ್ರಿಲ್ ಇರುವ 1991ರ 800 ಎಷ್ಟು ಕಾಣುತ್ತೆ ಹೇಳಿ? ಹಳೇ ಕಾರುಗಳ ಯಾವ ಸಭೆಗೆ ಹೋದರೂ ಪದ್ಮಿನಿ ಸಾಲಾಗಿ ನಿಂತಿರುತ್ತೆ. ಚೌಕ ಹೆಡ್‌ಲೈಟಿನ 800 ಬಂದರೆ ಜನ ಅದರ ಸುತ್ತ ಸೇರುತ್ತಾರೆ. ಒಂದನ್ನು ನೀವು ಬಿಟ್ಟರೆ ಬೇರೆಯವರು ಎತ್ತಿಕೊಳ್ಳುತ್ತಾರೆ. ಇನ್ನೊಂದನ್ನು ಬಿಟ್ಟರೆ ಕಬ್ಬಿಣದ ತೂಕಕ್ಕೆ ಹೋಗುತ್ತೆ. ಚಿಕ್ಕಪ್ಪನೇ ಹೇಳಿದ್ದಾರಲ್ಲ.

ಹುಬ್ಬಳ್ಳಿ ಕಡೆಯವ:

ಎಫ್8ಬಿ ಸರ್, ಲೆಕ್ಕ ಚಲೋ ಅದ. ಆದ್ರ ಕಾರು ಅಂದ್ರ ಬರೀ ಲೆಕ್ಕ ಅಲ್ಲ ನೋಡ್ರಿ.

ಪದ್ಮಿನಿಯಲ್ಲಿ ಕೂತು ಬಾಗಿಲು ಹಾಕಿ ನೋಡಿ. ಆ ಸದ್ದೇ ಬೇರೆ. ಕಿಟಕಿಯ ಮುಂದಿನ ತ್ರಿಕೋನದ ಗಾಜನ್ನು ಸ್ವಲ್ಪ ತಿರುಗಿಸಿದರೆ ಗಾಳಿ ನೇರವಾಗಿ ಎದೆಗೇ ಬರುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಅದೇ ಎಸಿ. ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡವರು ಮೊಣಕಾಲು ಮಡಚದೆ ಕೂರಬಹುದು. ಡಿಕ್ಕಿಯಲ್ಲಿ ಜೋಳದ ಚೀಲ ಇಡಬಹುದು. 800ರ ಡಿಕ್ಕಿಯಲ್ಲಿ ಏನಿಡುತ್ತೀರಿ, ಎರಡು ತೆಂಗಿನಕಾಯಿ? ತಿಪಟೂರಿನವರಿಗೆ ಅದು ಸಾಕಾ?

ಕೆಟ್ಟ ರಸ್ತೆಯಲ್ಲಿ 14 ಇಂಚಿನ ಚಕ್ರ, 12 ಇಂಚಿನ ಚಕ್ರಕ್ಕೆ ಇರುವ ವ್ಯತ್ಯಾಸ ಸಣ್ಣದಲ್ಲ. 800ರ ಚಕ್ರ ಗುಂಡಿಯೊಳಗೆ ಇಳಿದೇ ಬಿಡುತ್ತೆ. ಪದ್ಮಿನಿ ಅದನ್ನು ದಾಟಿಕೊಂಡು ಹೋಗುತ್ತೆ.

ಇನ್ನೊಂದು ಮಾತು. ಪದ್ಮಿನಿಯಲ್ಲಿ ಏನು ಕೆಟ್ಟಿದೆ ಅನ್ನುವುದು ಕಿವಿಗೇ ಗೊತ್ತಾಗುತ್ತೆ. ಪಾಯಿಂಟ್ ಸವೆದರೆ ಒಂದು ಸದ್ದು, ಟ್ಯಾಪೆಟ್ ಸಡಿಲ ಆದರೆ ಇನ್ನೊಂದು ಸದ್ದು. ಎಲ್ಲಕ್ಕೂ ಕೈ ಹೋಗುತ್ತೆ. ಬಾನೆಟ್ ತೆರೆದರೆ ಎಂಜಿನ್ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಮಾಲೀಕರಿಗೆ ಕೆಲಸ ಕಲಿಯುವ ಆಸೆ ಇದೆ ಅಂತ ಬರೆದಿದ್ದಾರೆ, ಕಲಿಯಲಿಕ್ಕೆ ಇದಕ್ಕಿಂತ ಒಳ್ಳೇ ಗಾಡಿ ಇಲ್ಲ.

ಎಫ್8ಬಿ:

ಕಲಿಯುವ ಆಸೆ ಇದೆ ಅಂತ ಅವರು ಎಲ್ಲೂ ಬರೆದಿಲ್ಲ, ಅಣ್ಣಾ. ಪ್ಲಗ್ ಒರೆಸೋಕೆ ಬರುತ್ತೆ ಅಂದಿದ್ದಾರೆ ಅಷ್ಟೇ 😄

ಘಾಟಿ ರಸ್ತೆ:

ಮಾರಾಯ್ರೇ, ಒಮ್ಮೆ ಘಾಟಿ ಹತ್ತಿಸಿ ನೋಡಿ, ಆಮೇಲೆ ಮಾತಾಡುವ.

ಮಂಗಳೂರು ಕಡೆಯಿಂದ ಮೇ ತಿಂಗಳಲ್ಲಿ ಶಿರಾಡಿ ಹತ್ತುವಾಗ ಹಳೇ ಫಿಯಟ್ಟುಗಳು ಬದಿಗೆ ನಿಂತಿರುತ್ತಿದ್ದವು. ಬಾನೆಟ್ ಎತ್ತಿ, ಒಬ್ಬರು ಒದ್ದೆ ಬೈರಾಸು ಹಿಡಿದು ನಿಂತಿರುತ್ತಿದ್ದರು. ಎಂಜಿನ್ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತೆ. ಪಂಪು ದ್ರವ ಎಳೆಯಬಲ್ಲದು, ಆವಿ ಎಳೆಯಲಾರದು. ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವುದು ನಿಲ್ಲುತ್ತೆ, ಗಾಡಿ ಎರಡು ಸಲ ಮುಕ್ಕರಿಸಿ ನಿಲ್ಲುತ್ತೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಒಂದು ಬೀಡಿ ಸೇದುವಷ್ಟು ಹೊತ್ತು ಕಾದರೆ ಮತ್ತೆ ಹೊರಡುತ್ತೆ. ಗೊತ್ತಿದ್ದವರು ಮೊದಲೇ ಬಟ್ಟೆ ಸುತ್ತಿಯೇ ಘಾಟಿಗೆ ಬರುತ್ತಿದ್ದರು, ಜೊತೆಗೆ ಒಂದು ಕ್ಯಾನು ನೀರು.

800ರಲ್ಲಿ ಈ ಉಪದ್ರ ಕಮ್ಮಿ. ಅದರಲ್ಲಿ ಬೇರೆ ತರಹದ್ದು. ರೇಡಿಯೇಟರ್ ಫ್ಯಾನು ಕರೆಂಟಿನಲ್ಲಿ ತಿರುಗುವಂಥದ್ದು. ಪದ್ಮಿನಿಯ ಫ್ಯಾನು ಬೆಲ್ಟಿಗೆ ಕಟ್ಟಿದ್ದು, ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತೆ. 800ರಲ್ಲಿ ಫ್ಯಾನಿನ ಸ್ವಿಚ್ ಕೈಕೊಟ್ಟರೆ ಗೊತ್ತಾಗುವುದೇ ಇಲ್ಲ. ಟೆಂಪರೇಚರ್ ಮುಳ್ಳು ಮೇಲೆ ಹೋದದ್ದು ನೋಡದೆ ಹಾಗೇ ಎಳೆದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಹಳೇ 800 ತಗೊಂಡರೆ ಮೊದಲ ದಿನವೇ ಆ ಸ್ವಿಚ್, ಥರ್ಮೋಸ್ಟಾಟ್ ಎರಡೂ ಹೊಸದು ಹಾಕಿಸಿ. ಟೈಮಿಂಗ್ ಬೆಲ್ಟ್ ಕೂಡ. ಯಾವಾಗ ಬದಲಿಸಿದ್ದು ಅಂತ ಚಿಕ್ಕಪ್ಪನನ್ನು ಕೇಳಬೇಡಿ, ಸುಮ್ನೆ ಬದಲಿಸಿ.

ಸರಸ್ವತಿಪುರಂ:

ಎಂಜಿನ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ಈ ಚರ್ಚೆಯಲ್ಲಿ ಒಂದು ಸಂಗತಿ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಮೊದಲು ಪದ್ಮಿನಿ ಇತ್ತು, ಆಮೇಲೆ 800 ಬಂತು. ಪದ್ಮಿನಿ ಇದ್ದಷ್ಟು ವರ್ಷ ಅಮ್ಮ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಗಾಡಿ ನಿಂತಿರುವಾಗ ಆ ಸ್ಟೀರಿಂಗ್ ತಿರುಗಿಸೋಕೆ ತೋಳಿನಲ್ಲಿ ಬಲ ಬೇಕು. ಹ್ಯಾಂಡ್ ಗೇರಿನಲ್ಲಿ ಯಾವ ಗೇರ್ ಎಲ್ಲಿದೆ ಅನ್ನುವುದು ಅಪ್ಪನ ಕೈಗೆ ಮಾತ್ರ ಗೊತ್ತಿತ್ತು. ಆಗಾಗ ಗೇರ್ ಸಿಕ್ಕಿಕೊಂಡು ಬಿಡುತ್ತಿತ್ತು, ಆಗ ಅಪ್ಪ ಇಳಿದು ಬಾನೆಟ್ ತೆಗೆದು ಕಡ್ಡಿಗಳನ್ನು ಕೈಯಿಂದಲೇ ಸರಿಮಾಡಿ ಬರುತ್ತಿದ್ದರು. ಅಮ್ಮನಿಗೆ ಕಲಿಯಬೇಕು ಅಂತ ಯಾರಿಗೂ ಅನಿಸಲಿಲ್ಲ. ಅವರಿಗೂ ಅನಿಸಿರಲಿಕ್ಕಿಲ್ಲ.

800 ಬಂದ ಮೇಲೆ ಅಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಆ ಸ್ಕೂಲಿನ ಗಾಡಿಯೂ 800. ಹಗುರ ಸ್ಟೀರಿಂಗ್, ಚಿಕ್ಕ ಬಾನೆಟ್, ನಮ್ಮ ಬೀದಿಯಲ್ಲಿ ಒಂದೇ ಸಲಕ್ಕೆ ತಿರುಗಿಸಿಕೊಳ್ಳಬಹುದು. ಆಮೇಲೆ ನಮ್ಮ ಟ್ಯೂಷನ್, ಅಜ್ಜಿಯ ಆಸ್ಪತ್ರೆ, ದೇವರಾಜ ಮಾರ್ಕೆಟ್, ಎಲ್ಲಾ ಓಡಾಟ ಅಮ್ಮನದೇ. ಅಪ್ಪ ಪಕ್ಕದಲ್ಲಿ ಕೂತು ಬ್ರೇಕ್ ಹಿಡಿ ಬ್ರೇಕ್ ಹಿಡಿ ಅಂತಿದ್ದರು, ಅಷ್ಟೇ.

ಅದು "ಇಟ್ಟುಕೊಳ್ಳೋ ಗಾಡಿನಾ" ಅಂತ ಕೇಳಿದವರು ಯಾರು ಅಂತ ಗೊತ್ತಾಗಲಿಲ್ಲ. ಗಂಡಸರೇ ಇರಬೇಕು.

ತಿಪಟೂರು ತೆಂಗು:

ಮೇಡಂ, ಹೇಳಿದ್ದು ನಮ್ಮ ಅತ್ತೆ 🙏 ಅವರಿಗೆ ಡ್ರೈವಿಂಗ್ ಬರಲ್ಲ.

ಅಂಬಾಸಿಡರ್ ಅಭಿಮಾನಿ:

ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. 800 ನಿಂತದ್ದು 2014ರ ಜನವರಿಯಲ್ಲಿ. ಅಂಬಾಸಿಡರ್ ನಿಂತದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ಹಳೇದು, ಔಟ್‌ಡೇಟೆಡ್ ಅಂತ ನಮ್ಮನ್ನು ಆಡಿಕೊಂಡವರು ನಮ್ಮ ಜೊತೆಯೇ ಮನೆಗೆ ಹೋದರು.

ಎಫ್8ಬಿ:

ಇದು ನಿಜವಾಗಲೂ ಒಳ್ಳೇ ಮಾತು. ಹೊಸ ಕಾಲದ ಕಾರು ಅಂತ ಬಂದ 800 ಕೂಡ ಕೊನೆಗೆ ಪದ್ಮಿನಿಯ ದಾರಿಯನ್ನೇ ಹಿಡಿಯಿತು. 1986ರ ಬಾಡಿಗೇ ಮೂಗು ಬದಲಿಸಿ, ದೀಪ ಬದಲಿಸಿ, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಅಳೆದು ಚಿಮ್ಮಿಸುವ ವ್ಯವಸ್ಥೆ) ಹಾಕಿ 28 ವರ್ಷ ಮಾರಿದರು. ಜಪಾನಿನಲ್ಲಿ ಅಷ್ಟರಲ್ಲಿ ಎಷ್ಟು ಆಲ್ಟೊ ಬಂದು ಹೋದವೋ. 2010ರ ಏಪ್ರಿಲ್‌ನಲ್ಲಿ ಬಿಎಸ್4 ಅನ್ನುವ ಹೊಗೆ ಮಿತಿಯ ನಿಯಮ ಬಂದಾಗ ಬೆಂಗಳೂರು ಸೇರಿ 13 ನಗರಗಳಲ್ಲಿ ಅದರ ಮಾರಾಟವೇ ನಿಂತಿತು. ನಮ್ಮ ಊರಲ್ಲಿ ಅದು ಸತ್ತದ್ದು ಆಗಲೇ. ಸಣ್ಣ ಊರುಗಳಲ್ಲಿ ಇನ್ನೂ ನಾಲ್ಕು ವರ್ಷ ಉಸಿರಾಡಿತು.

ಅಂದ ಹಾಗೆ ಪದ್ಮಿನಿ, 800 ಬೇರೆ ಬೇರೆ ಕಾಲದವು ಅಂತ ನಾವೆಲ್ಲಾ ಮಾತಾಡುತ್ತಿದ್ದೇವೆ. ಆದರೆ ಶೋರೂಮಿನಲ್ಲಿ ಹದಿನೈದು ವರ್ಷಕ್ಕೂ ಜಾಸ್ತಿ ಎರಡೂ ಒಟ್ಟಿಗೇ ಮಾರಾಟದಲ್ಲಿದ್ದವು! 50ರ ದಶಕದ ಕಾರನ್ನೂ 80ರ ದಶಕದ ಕಾರನ್ನೂ ಒಂದೇ ಬೀದಿಯಲ್ಲಿ ಹೊಸದಾಗಿ ಕೊಳ್ಳಬಹುದಾಗಿದ್ದ ದೇಶ ನಮ್ಮದು.

ತಿಪಟೂರು ತೆಂಗು:

ಅಪ್‌ಡೇಟ್. ಊರಿಗೆ ಹೋಗಿದ್ದೆ, ಜೊತೆಗೆ ಒಬ್ಬ ಹಳೇ ಮೆಕ್ಯಾನಿಕ್ ಬಂದಿದ್ದರು. ಜೆಸಿ ರಸ್ತೆಯವರು ಹೇಳಿದ ಹಾಗೆ ಅಯಸ್ಕಾಂತ ಹಿಡಿದುಕೊಂಡೇ ಹೋದೆ.

ಪದ್ಮಿನಿಯ ಬಾಗಿಲು, ಬಾನೆಟ್, ರೂಫ್ ಎಲ್ಲಾ ಗಟ್ಟಿ ಇದೆ. ಅಯಸ್ಕಾಂತ ಕಿತ್ತುಕೊಳ್ಳೋಕೆ ಕಷ್ಟ ಆಗುವಷ್ಟು. ಆದರೆ ಡ್ರೈವರ್ ಕಾಲಿನ ಕೆಳಗೆ ಮ್ಯಾಟ್ ಎತ್ತಿದರೆ ನೆಲ ಕಾಣುತ್ತೆ. ಗೋದಾಮಿನ ನೆಲ! ಅಂಗೈ ಅಗಲದ ತೂತು. ಅಂಚು ಮುಟ್ಟಿದರೆ ಬಿಸ್ಕತ್ತಿನ ಪುಡಿ ಹಾಗೆ ಉದುರಿತು. ಹಿಂದಿನ ಕಟ್ಟೆ ಕೂರುವ ಜಾಗ ಒಂದು ಬದಿ ಚೆನ್ನಾಗಿದೆ, ಇನ್ನೊಂದು ಬದಿ ಮೆಕ್ಯಾನಿಕ್ ಸ್ಕ್ರೂಡ್ರೈವರಿನಲ್ಲಿ ಒತ್ತಿದರೆ ಒಳಗೆ ಹೋಯಿತು. ಅವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು.

ಎಂಜಿನ್ ಜಾಮ್ ಆಗಿಲ್ಲ. ಪ್ಲಗ್ ತೆಗೆದು ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಕೈಯಿಂದ ತಿರುಗಿಸಿದರು, ತಿರುಗಿತು. ತೆಗೆದ ಪ್ಲಗ್ ಮೈಕೋದ್ದು, ನಮ್ಮ ಆಡುಗೋಡಿ ಕಂಪನಿ. ತಾತನೇ ಹಾಕಿಸಿದ್ದಿರಬೇಕು. ಬ್ರೇಕ್ ಪೆಡಲ್ ಒತ್ತಿದರೆ ನೆಲಕ್ಕೇ ಹೋಗುತ್ತೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದ ವಾಸನೆ ವಾರ್ನಿಷ್‌ನದ್ದು.

800ನ್ನೂ ನೋಡಿದೆ. ಬ್ಯಾಟರಿ ಕೆಳಗಿನ ತಗಡು ತುಕ್ಕು, ಬಾಗಿಲಿನ ಅಡಿ ಸ್ವಲ್ಪ ತುಕ್ಕು. ಸಸ್ಪೆನ್ಷನ್ ಕೂರುವ ಜಾಗ ಎರಡೂ ಕಡೆ ಗಟ್ಟಿ. ಚೋಕ್ ಎಳೆದು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ನಿಂತಲ್ಲೇ ಮೂರು ಸಿಲಿಂಡರಿನ ಆ ನಡುಕ, ಕನ್ನಡಿಯಲ್ಲಿ ಹಿಂದಿನ ಮನೆ ಎಲ್ಲಾ ಅಲುಗಾಡುತ್ತೆ.

ಜೆಸಿ ರಸ್ತೆ:

ಫ್ಲೋರ್ ಹೋಗಿದೆ ಅಂದರೆ ಸಾಯುವ ಕಾಯಿಲೆ ಅಲ್ಲ ಸರ್. ಹೊಸ ತಗಡು ಕತ್ತರಿಸಿ ವೆಲ್ಡ್ ಮಾಡುತ್ತಾರೆ. ಆದರೆ ಕಟ್ಟೆ ಕೂರುವ ಜಾಗ ಮೆತ್ತಗಾಗಿದ್ದರೆ ಅದು ಟಿಂಕರಿಂಗ್ ಹುಡುಗನ ಕೆಲಸ ಅಲ್ಲ. ಅಳತೆ ಗೊತ್ತಿರುವವರೇ ಮಾಡಬೇಕು. ಸ್ವಲ್ಪ ಆಚೀಚೆ ಆದರೆ ಗಾಡಿ ಜೀವಮಾನವಿಡೀ ಒಂದು ಕಡೆಗೆ ಎಳೆಯುತ್ತೆ. ಪೇಂಟ್ ಕೆಲಸ ಶುರು ಮಾಡುವ ಮೊದಲು ಅದನ್ನು ಮುಗಿಸಿ. ತುಂಬಾ ಜನ ಮೊದಲು ಪೇಂಟ್ ಮಾಡಿಸಿ ಆಮೇಲೆ ವೆಲ್ಡಿಂಗ್‌ಗೆ ಬರುತ್ತಾರೆ.

ಬ್ರೇಕ್ ನಾಲ್ಕೂ ಕಡೆ ಡ್ರಮ್ಮು. ಮಾಸ್ಟರ್ ಸಿಲಿಂಡರ್, ನಾಲ್ಕೂ ಕಡೆಯ ವೀಲ್ ಸಿಲಿಂಡರ್, ರಬ್ಬರ್ ಹೋಸ್, ಎಲ್ಲಾ ಹೊಸದು ಹಾಕಿ. ಕಿಟ್ ಹಾಕಿ ಉಳಿಸೋಕೆ ಹೋಗಬೇಡಿ, ಒಳಗೆ ತುಕ್ಕು ತಿಂದಿರುತ್ತೆ. ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಸಿ, ಚಕ್ರ ಎತ್ತಿ ಅಲ್ಲಾಡಿಸಿ ನೋಡಿ.

ಸ್ಪೇರ್ ಬಗ್ಗೆ ಒಂದು ಮಾತು. ಇಷ್ಟು ದಿನ ಪದ್ಮಿನಿಗೆ ಎಲ್ಲಾ ಸಿಗುತ್ತಿತ್ತು. ಅದಕ್ಕೆ ಕಾರಣ ನಾವಲ್ಲ, ಮುಂಬೈನ ಟ್ಯಾಕ್ಸಿಗಳು. ಅಲ್ಲಿ ಗಿರಾಕಿ ಇದ್ದಷ್ಟು ದಿನ ಯಾರೋ ಮಾಡುತ್ತಿದ್ದರು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರ್‌ನಲ್ಲಿ, 2023ರ ಅಕ್ಟೋಬರ್‌ಗೆ ಅದೂ ರಸ್ತೆ ಬಿಟ್ಟಿತು. ಈಗ ಅಂಗಡಿಯಲ್ಲಿರುವ ಮಾಲು ಖಾಲಿಯಾದರೆ ಹೊಸದಾಗಿ ಯಾರು ಮಾಡುತ್ತಾರೆ? ಬೇಕಾದ್ದನ್ನು ಈಗಲೇ ಎತ್ತಿಟ್ಟುಕೊಳ್ಳಿ.

800ಗೆ ಆ ಚಿಂತೆ ಕಮ್ಮಿ. ಅದರ ಎಂಜಿನ್ನೇ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೂ ಬಂತು. ಎಂಜಿನ್ ಸಾಮಾನಿಗೆ ತೊಂದರೆ ಇಲ್ಲ. ಸಿಗದಿರುವುದು ಬೇರೆ: ಹಳೇ ಗ್ರಿಲ್, ಹಳೇ ಟೇಲ್ ಲ್ಯಾಂಪ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್. ಅದಕ್ಕೆ ಶಿವಾಜಿನಗರದ ಗುಜರಿಯಲ್ಲಿ ಅಲೆಯಬೇಕು, ಅದೃಷ್ಟ ಬೇಕು.

ಆರ್‌ಸಿ ಬುಕ್:

ಕಾಗದದ ವಿಷಯ ನಾನು ಹೇಳುತ್ತೇನೆ, ಯಾರೂ ಮುಟ್ಟಿಲ್ಲ.

ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 15 ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕ 600 ಇದ್ದದ್ದನ್ನು 2022ರ ಏಪ್ರಿಲ್‌ನಿಂದ 5,000 ಮಾಡಿದರು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ನಿಮ್ಮ ಎರಡೂ ಗಾಡಿ ಅದರಲ್ಲೇ ಬರುತ್ತೆ. ಮೇಲೆ ರಾಜ್ಯದ ತೆರಿಗೆ, ತಡ ಮಾಡಿದ್ದರೆ ದಂಡ. ಪದ್ಮಿನಿಯ ಆರ್‌ಸಿ ತಾತನ ಹೆಸರಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಅದು ಎಂಜಿನ್ ಕಟ್ಟುವುದಕ್ಕಿಂತ ನಿಧಾನದ ಕೆಲಸ, ಮೊದಲು ಅದನ್ನು ಶುರು ಮಾಡಿ.

ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲೂ ವ್ಯತ್ಯಾಸ ಇದೆ. ಸಾವಿರ ಸಿಸಿ ಒಳಗಿನದಕ್ಕೆ ಒಂದು ದರ, ಮೇಲಿನದಕ್ಕೆ ಇನ್ನೊಂದು. 2022ರಲ್ಲಿ ನಿಗದಿ ಮಾಡಿದ ದರದಲ್ಲಿ 800ಗೆ 2,094, ಪದ್ಮಿನಿಗೆ 3,416. ಆ 89 ಸಿಸಿಗೆ ಅಷ್ಟು ಜಾಸ್ತಿ!

ಇನ್ನು ವಿಂಟೇಜ್ ನೋಂದಣಿ. 2021ರಲ್ಲಿ ಕೇಂದ್ರ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಶುಲ್ಕ 20,000, ಹತ್ತು ವರ್ಷ ನಡೆಯುತ್ತೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತೆ. ನಿಮ್ಮ ಪದ್ಮಿನಿ 2028ಕ್ಕೆ ಅರ್ಹ. ಆದರೆ ಆ ಪ್ಲೇಟ್ ಹಾಕಿಸಿದರೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಮಾತ್ರ ಓಡಿಸಬಹುದು. ಊರಿಗೆ ಹೋಗಿ ಬರುವುದಕ್ಕೆ ಅಲ್ಲ. ನಿಮಗೆ ಬೇಕಿರುವುದೇ ಊರಿಗೆ ಹೋಗಿ ಬರುವುದು, ಅಲ್ವಾ?

ಹುಬ್ಬಳ್ಳಿ ಕಡೆಯವ:

ಕಾಗದ ಎಲ್ಲಾ ಒಪ್ಪಿದೆ. ಆದರೂ ತಾತನ ಗಾಡಿ ಬೇರೆ, ಬೇರೆ ಗಾಡಿ ಬೇರೆ. ಅದಕ್ಕೆ ಯಾವ ಶುಲ್ಕದ ಲೆಕ್ಕವೂ ಇಲ್ಲ.

ತಿಪಟೂರು ತೆಂಗು:

ನಿಜ ಸರ್. ಆದರೆ ಚಿಕ್ಕಪ್ಪನ ಗಾಡಿಯೂ ಬೇರೆಯವರದಲ್ಲ. ನಾನು ಹುಟ್ಟಿದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ ಅಂತ ಅಮ್ಮ ಹೇಳುತ್ತಾರೆ. ತಾತನ ಪದ್ಮಿನಿಯಲ್ಲಿ ನನಗೆ ನೆನಪಿರುವುದು ಹಿಂದಿನ ಸೀಟಿನ ರೆಕ್ಸಿನ್ ಬಿಸಿಲಿಗೆ ತೊಡೆಗೆ ಅಂಟುತ್ತಿದ್ದದ್ದು ಮಾತ್ರ. ಎರಡನ್ನೂ ತಕ್ಕಡಿಗೆ ಹಾಕಿದರೆ ಆ ಕಡೆಯೂ ಅಷ್ಟೇ ತೂಕ ಇದೆ.

ಇನ್ನೊಂದು ಪ್ರಶ್ನೆ. ಈಗ ಬರುವ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಎರಡರಲ್ಲಿ ಯಾವುದಕ್ಕೆ ಹೆಚ್ಚು ತೊಂದರೆ?

ಜೆಸಿ ರಸ್ತೆ:

ಎರಡಕ್ಕೂ. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತೆ. ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಾಂ, ಕಾರ್ಬುರೇಟರಿನ ಗ್ಯಾಸ್ಕೆಟ್, ಇವು ಊದಿಕೊಂಡು ಸೋರೋಕೆ ಶುರು. ಜೊತೆಗೆ ಅದು ಗಾಳಿಯ ತೇವ ಹೀರುತ್ತೆ. ಗಾಡಿ ನಿಂತೇ ಇದ್ದರೆ ಟ್ಯಾಂಕಿನ ತಳದಲ್ಲಿ ನೀರು, ತುಕ್ಕು.

ಕಾರ್ಬುರೇಟರ್ ಗಾಡಿಗೆ ಇನ್ನೊಂದು ಇದೆ. ಎಥನಾಲ್ ಜಾಸ್ತಿ ಆದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಬಿದ್ದ ಹಾಗೆ ಆಗುತ್ತೆ. ಎಂಪಿಎಫ್‌ಐ ಆದರೆ ತಾನೇ ಸ್ವಲ್ಪ ಸರಿದೂಗಿಸಿಕೊಳ್ಳುತ್ತೆ. ಪದ್ಮಿನಿಯ ಸೋಲೆಕ್ಸ್ ಕಾರ್ಬುರೇಟರಿಗೂ 800ರ ಮಿಕುನಿಗೂ ಆ ಬುದ್ಧಿ ಇಲ್ಲ. ಬೆಳಗ್ಗೆ ಸ್ಟಾರ್ಟಿಂಗ್ ತ್ರಾಸ, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಕೆ. ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ಒಂದು ಸೈಜ್ ದೊಡ್ಡದು ಹಾಕಿ ಟ್ಯೂನ್ ಮಾಡಿದರೆ ಸರಿ ಹೋಗುತ್ತೆ. ಎಥನಾಲ್ ತಡೆಯುವ ಹೋಸ್ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಪೂರ್ತಿ ಬದಲಿಸಿ. ದುಬಾರಿ ಏನಲ್ಲ. ವಾರಕ್ಕೊಮ್ಮೆಯಾದರೂ ಎಂಜಿನ್ ಬಿಸಿ ಆಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಏನೂ ಉಪಯೋಗ ಇಲ್ಲ, ಸೈಲೆನ್ಸರ್ ಮಾತ್ರ ಬೇಗ ತೂತು ಬೀಳುತ್ತೆ.

ನಿಂತ ಗಾಡಿಗೆ ಇ20 ಶತ್ರು, ಓಡುವ ಗಾಡಿ ಹೇಗೋ ನಿಭಾಯಿಸುತ್ತೆ. ನಿಮ್ಮಲ್ಲಿ ಓಡುತ್ತಿರುವುದು ಯಾವುದು ಅಂತ ನಿಮಗೇ ಗೊತ್ತು.

ಘಾಟಿ ರಸ್ತೆ:

ಹೈವೇ ವಿಷಯವೂ ನೆನಪಿರಲಿ. ತುಮಕೂರು ರಸ್ತೆಯಲ್ಲಿ ಇವತ್ತು ಲಾರಿಯೇ 80ರಲ್ಲಿ ಹೋಗುತ್ತೆ. ಪದ್ಮಿನಿಗೆ 60-65 ಹಿತ. ಅದಕ್ಕಿಂತ ಮೇಲೆ ಹೋಗುತ್ತೆ, ಆದರೆ ನಿಲ್ಲಿಸಬೇಕಲ್ಲ. ಹಿಂದಿನಿಂದ ಬರುವವನಿಗೆ ನಿಮ್ಮ ಗಾಡಿಯ ಬ್ರೇಕ್ ಎಂಥದ್ದು ಅಂತ ಗೊತ್ತಿರುವುದಿಲ್ಲ. 800 ಎಡಗಡೆ ಲೇನಿನಲ್ಲಿ 80ರಲ್ಲಿ ನೆಮ್ಮದಿಯಾಗಿ ಹೋಗುತ್ತೆ, ಅದೂ ಲಾರಿ ಪಕ್ಕದಲ್ಲಿ ಹಾದಾಗ ಗಾಳಿಗೆ ಅಲುಗಾಡುತ್ತೆ. ಎರಡರಲ್ಲೂ ತಗಡು ಬಿಟ್ಟರೆ ಮತ್ತೇನಿಲ್ಲ, ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವುದಾದರೆ ರಾತ್ರಿ ಬೇಡ.

ತಿಪಟೂರು ತೆಂಗು:

ತೀರ್ಮಾನ ಆಯಿತು. 800 ನನಗೆ. ಮುಂದಿನ ವಾರ ಟೈಮಿಂಗ್ ಬೆಲ್ಟ್, ಫ್ಯಾನ್ ಸ್ವಿಚ್, ಹೋಸ್ ಎಲ್ಲಾ ಹಾಕಿಸಿ, ಬ್ಯಾಟರಿ ಕೆಳಗಿನ ತಗಡು ಬದಲಿಸಿ ಮನೆಗೆ ತರುತ್ತೇನೆ. ಮನೆಯವರು ಒಂದೇ ಷರತ್ತು ಹಾಕಿದ್ದಾರೆ, ಅವರಿಗೂ ಓಡಿಸೋಕೆ ಕೊಡಬೇಕಂತೆ. ಸರಸ್ವತಿಪುರಂ ಮೇಡಂ ಅವರ ಮಾತು ಓದಿದ ಮೇಲೆ ಬಂದ ಷರತ್ತು ಇದು.

ಪದ್ಮಿನಿಯನ್ನು ಗುಜರಿಗೆ ಹಾಕುವ ಮಾತೇ ಇಲ್ಲ. ಕಟ್ಟೆ ಕೆಲಸ ಮಾಡಿಸುವ ತಾಕತ್ತು, ತಾಳ್ಮೆ ಎರಡೂ ಇರುವವರಿಗೆ ಕೊಡಬೇಕು ಅಂತಿದ್ದೇವೆ. ಅಪ್ಪ ಒಪ್ಪಿದ್ದಾರೆ, ಅತ್ತೆ ಇನ್ನೂ ಮಾತಾಡುತ್ತಿಲ್ಲ.

ಹುಬ್ಬಳ್ಳಿ ಕಡೆಯವ:

ತಮ್ಮಾ, ನಂಗ ಕೊಡ್ರಿ. ಹಾಸ್ಯ ಅಲ್ಲ. ನನ್ನ ಹತ್ತಿರ ಒಂದು ಪದ್ಮಿನಿ ಇದೆ, ಅದರ ಬಾಡಿ ಹೋಗಿದೆ, ಕೆಳಗಿನ ಭಾಗ ಗಟ್ಟಿ ಇದೆ. ಕಟ್ಟೆ ಕೂರುವ ಜಾಗ ಹೇಗಿರಬೇಕು ಅಂತ ಅದರಿಂದಲೇ ಅಳತೆ ತೆಗೆಯಬಹುದು. ಬಣ್ಣ ಕೆನೆಯೇ ಇರುತ್ತೆ, ಬದಲಿಸಲ್ಲ. ಅತ್ತೆಯವರಿಗೆ ಬೇಕಾದಾಗ ಬಂದು ನೋಡಲಿ.

ಆರ್‌ಸಿ ಬುಕ್:

ಹಾಗಾದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ, ಆಮೇಲೆ ಇವರ ಹೆಸರಿಗೆ. ನೇರವಾಗಿ ತಾತನ ಹೆಸರಿಂದ ಹುಬ್ಬಳ್ಳಿಗೆ ಹಾರಿಸೋಕೆ ಏಜೆಂಟರು ದಾರಿ ಹೇಳುತ್ತಾರೆ, ಬೇಡ. ಆರ್‌ಟಿಒ ಬೇರೆ ಆಗುವುದರಿಂದ ಎನ್‌ಒಸಿಯೂ ಬೇಕಾಗಬಹುದು, ಅಲ್ಲೇ ವಿಚಾರಿಸಿ. ಗೋದಾಮು ಕೆಡವುವ ಮೊದಲು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಎರಡು ಕಾಪಿ ತೆಗೆದಿಟ್ಟುಕೊಳ್ಳಿ. ನಂಬರ್ ಮೇಲೆ ಗ್ರೀಸು, ಧೂಳು ಕೂತಿರುತ್ತೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಉಜ್ಜು ಕಾಗದ ಹಾಕಬೇಡಿ, ಅಂಕಿ ಸವೆದಿದೆ ಅಂತ ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾರೆ.

ತಿಪಟೂರು ತೆಂಗು:

ಸರಿ ಸರ್. ಹುಬ್ಬಳ್ಳಿ ಅಣ್ಣಾ, ಶನಿವಾರ ಬರ್ತೀರಾ? ಟೋಯಿಂಗ್ ಗಾಡಿ ಹಿಂದಿನ ಗೇಟಿನಿಂದ ಬರಬೇಕು, ಮುಂದಿನ ದಾರಿ ಕೊಬ್ಬರಿ ಚೀಲದಿಂದ ತುಂಬಿದೆ.